ಅತ್ತೆ ಹೊಡೆದ ಸಾಲು

"ಸಣ್ಣ ಎಸ್, ಸಣ್ಣ ಎಸ್, ಸಣ್ಣ ಎಚ್, ಆಮೇಲೆ ಒಂದು ಅಡ್ಡಗೆರೆ, ಸಣ್ಣ ಇ, ಸಣ್ಣ ಡಿ..." ಎಂದು ಓದಕ್ಕ ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದುತ್ತಿದ್ದಳು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದಳು. ಮೊಬೈಲು ಕೀಬೋರ್ಡಿನ ಪಕ್ಕ ಗೋಡೆಗೆ ಒರಗಿತ್ತು.

"ಅಕ್ಕಾ, ಎಲ್ಲಾ ಸಣ್ಣಕ್ಷರಾನೇ. ದೊಡ್ಡದು ಬಂದಾಗ ಮಾತ್ರ ಹೇಳಿ, ಸಾಕು," ಎಂದು ಫೋನಿನಲ್ಲಿ ಆಪರೇಟರ್ ನಕ್ಕ.

"ಇಪ್ಪತ್ತೆಂಟು ವರ್ಷ ಪ್ರೆಸ್ಸಲ್ಲಿ ಕರಡು ತಿದ್ದಿದವಳಪ್ಪಾ ನಾನು. ಬಿಟ್ಟು ಓದೋದು ನನಗೆ ಬರಲ್ಲ."

"ಹಾಗಾದ್ರೆ ಬಿಡಬೇಡಿ. ನಿಮ್ಮ ಓದು ಕೇಳೋಕೆ ನಮಗೇನು ಹೊಸದಾ?"

ಹೊಸದಲ್ಲ, ನಿಜ. ಆಪರೇಟರನಿಗೆ ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ದೂರದ ಊರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಬಂದ ಫೋನುಗಳನ್ನು ಆಯಾ ವಾರ್ಡಿಗೆ ದಾಟಿಸುವುದು ಅವನ ಕೆಲಸ. ಹದಿನೈದು ವರ್ಷದ ಹಿಂದೆ, ಓದಕ್ಕ ಆಗಷ್ಟೇ ಪಠ್ಯಪುಸ್ತಕಗಳನ್ನು ಓದಿ ಧ್ವನಿ ಮುದ್ರಿಸಲು ಶುರುಮಾಡಿದ್ದಾಗ, ಅವನ್ನು ಕೇಳಿ ಕೇಳಿ ಪರೀಕ್ಷೆ ಬರೆದವರಲ್ಲಿ ಅವನೇ ಮೊದಲಿಗ. ಓದಕ್ಕ ಎಂಬ ಹೆಸರಿಟ್ಟದ್ದೂ ಹಾಗೆ ಕೇಳಿದ ಮಕ್ಕಳೇ. ಕಂಪ್ಯೂಟರಿನ ವಿದ್ಯೆಯನ್ನೂ ಹಾಗೆಯೇ ಕಿವಿಯಿಂದಲೇ ಕಲಿತುಬಿಟ್ಟಿದ್ದ. ಅವನ ಕಂಪ್ಯೂಟರು ಅವನಿಗೆ ತಾನೇ ಓದಿ ಹೇಳುತ್ತಿತ್ತು. ಇವಳದು ಮೂಗ, ಹಾಗಾಗಿ ಇವಳೇ ಅದಕ್ಕೆ ಬಾಯಾಗಬೇಕಿತ್ತು.

ಆ ಕಂಪ್ಯೂಟರು ಪ್ರೆಸ್ಸಿನದು. ಪ್ರೆಸ್ಸು ಮುಚ್ಚಿದ ದಿನ ಯಜಮಾನರು ಬೇಕಾದ್ದು ತೆಗೆದುಕೊಂಡು ಹೋಗಿ ಎಂದಾಗ ಉಳಿದವರು ಮೇಜು, ಬೀರು, ಗೋಡೆ ಗಡಿಯಾರ ಅಂತ ಹೊತ್ತರೆ, ಇವಳು ಈ ಹಳೇ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದಳು. ಆಪರೇಟರನ ಗೆಳೆಯನೊಬ್ಬ ಬಂದು ಅದಕ್ಕೆ ಲಿನಕ್ಸ್ ಹಾಕಿ ಸರ್ವರ್ ಮಾಡಿಕೊಟ್ಟಿದ್ದ. ಹಗಲೂ ರಾತ್ರಿ ಅದು ಮೆಟ್ಟಿಲ ಕೆಳಗೆ ಗುಂಯ್‌ಗುಡುತ್ತಿತ್ತು. ಕಣ್ಣು ಕಾಣದ ಮಕ್ಕಳು ಎಲ್ಲಿದ್ದರೂ ತಮ್ಮ ತಮ್ಮ ಫೋನಿನಿಂದ ಅದನ್ನು ತಟ್ಟಿ, ಬೇಕಾದ ಪಾಠವನ್ನು ತರಿಸಿಕೊಳ್ಳುತ್ತಿದ್ದರು. ಆದರೆ ಹೊಸ ಪಾಠ ಸೇರಿಸಬೇಕೆಂದರೆ ಮಾತ್ರ ಈ ಗೂಡಿನಲ್ಲೇ, ಈ ಕೀಬೋರ್ಡಿನ ಮುಂದೆಯೇ ಕೂರಬೇಕಿತ್ತು.

ಈಗ ಅದೇ ತಾಪತ್ರಯವಾಗಿತ್ತು. ಅಂಗಡಿಗಳ ಬೋರ್ಡು ಬರೆಯುವ ಅವಳ ಅಣ್ಣ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ. ಶಸ್ತ್ರಚಿಕಿತ್ಸೆಯೇನೋ ಚೆನ್ನಾಗಿ ಆಗಿತ್ತು. ಆದರೆ ಒಂಟಿ ಜೀವ. ಆರು ವಾರ ಎಬ್ಬಿಸಿ ಕೂರಿಸಲು ಒಬ್ಬರು ಬೇಕು. ಅದೇ ವೇಳೆಗೆ ಇತಿಹಾಸದ ಪಠ್ಯ ಬದಲಾಗಿ, ಕೊನೆಯ ಒಂಬತ್ತು ಪಾಠಗಳನ್ನು ಹೊಸದಾಗಿ ಓದಬೇಕಿತ್ತು. ಅಣ್ಣನನ್ನು ಬಿಡುವಂತಿಲ್ಲ, ಮಕ್ಕಳನ್ನೂ ಬಿಡುವಂತಿಲ್ಲ. "ಅಷ್ಟೇ ತಾನೇ ಅಕ್ಕ? ನೀವು ಎಲ್ಲಿದ್ದರೂ ಒಳಗೆ ಬರೋ ಹಾಗೆ ಒಂದು ಬಾಗಿಲು ಮಾಡೋಣ," ಎಂದು ಆಪರೇಟರ್ ಮುಂದೆ ಬಂದಿದ್ದ.

ಮೂರು ಮಧ್ಯಾಹ್ನ ಹಿಡಿಯಿತು. ಅವನು ಒಂದೊಂದೇ ಸಾಲು ಹೇಳುವುದು, ಇವಳು ಹೊಡೆಯುವುದು, ಉತ್ತರವಾಗಿ ಬಿದ್ದುದನ್ನು ಚುಕ್ಕೆ ಗೆರೆ ಸಮೇತ ಓದುವುದು. "ಬೀಗ ಸರ್ವರಲ್ಲಿ ಇರುತ್ತೆ, ಕೀಲಿ ನಿಮ್ಮ ಲ್ಯಾಪ್‌ಟಾಪಲ್ಲಿ ಇರುತ್ತೆ. ದೂರದಿಂದ ಬರೋವಾಗ ಪಾಸ್‌ವರ್ಡ್ ಕೇಳೋದೇ ಇಲ್ಲ. ಆ ಕೀಲಿ ಇಲ್ಲದವರು ತಲೆ ಕೆಳಗಾಗಿ ನಿಂತರೂ ಒಳಗೆ ಬರೋಕಾಗಲ್ಲ," ಎಂದು ಅವನು ತಿಳಿಹೇಳಿದ. ಎಲ್ಲಕ್ಕೂ ಮೇಲಾಗಿ, ಮನೆಯ ಇಂಟರ್ನೆಟ್ ಪೆಟ್ಟಿಗೆಯಲ್ಲಿ ಇಪ್ಪತ್ತೆರಡು ಎಂಬ ಸಂಖ್ಯೆಯ ದಾರಿಯನ್ನು ಸರ್ವರಿನ ಕಡೆ ತಿರುಗಿಸಿಡಬೇಕಿತ್ತು. ಅದೊಂದಕ್ಕೇ ಒಂದಿಡೀ ಮಧ್ಯಾಹ್ನ ಹೋಯಿತು.

ಹಾಲಿನಲ್ಲಿ ಕೂತ ಅತ್ತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಎಂಬತ್ತರ ಮುದುಕಿ, ಮಂಡಿ ಸೋತಿತ್ತು, ಒಂದು ಕಣ್ಣು ಮಸುಕಾಗಿತ್ತು, ನಾಲಿಗೆ ಮಾತ್ರ ಇನ್ನೂ ಸಾಣೆ ಹಿಡಿದಂತಿತ್ತು. "ಓದಕ್ಕ ಅಂತೆ, ಓದಕ್ಕ! ಮನೇಲಿ ಇರೋರೆಲ್ಲಾ ಓದಕ್ಕ ಆದ್ರೆ ಮಾಡಕ್ಕ ಯಾರು?" ಎಂದು ಗೋಡೆಗೆ ಹೇಳಿದರು. ಗೋಡೆ ಎಂದಿನಂತೆ ಸುಮ್ಮನಿತ್ತು, ಸೊಸೆಯೂ.

ಹೊರಡುವ ಹಿಂದಿನ ಸಂಜೆ ಓದಕ್ಕ ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಬೀದಿಯ ಕೊನೆಯ ಬಸ್‌ಸ್ಟಾಪಿಗೆ ಹೋಗಿ ಬೆಂಚಿನ ಮೇಲೆ ಕೂತಳು. ಮನೆಯಿಂದ ಹೊರಗಿದ್ದು ಪರೀಕ್ಷೆ ಮಾಡಬೇಕೆಂದು ಆಪರೇಟರ್ ಹೇಳಿದ್ದ. ಒಂದು ಸಾಲು ಹೊಡೆದು ಎಂಟರ್ ಒತ್ತಿದಳು. ಎರಡು ಕ್ಷಣ ಏನೂ ಇಲ್ಲ. ಆಮೇಲೆ ಮೆಟ್ಟಿಲ ಕೆಳಗಿನ ಆ ಯಂತ್ರದ ಹೆಸರು ತನ್ನ ತೊಡೆಯ ಮೇಲಿನ ಪರದೆಯಲ್ಲಿ ಮೂಡಿತು. ಪಕ್ಕದಲ್ಲಿ ಬಸ್ಸಿಗೆ ಕಾದಿದ್ದ ಹೆಂಗಸು ಬೆಚ್ಚಿ ನೋಡುವಷ್ಟು ಜೋರಾಗಿ "ಬಂತೂ!" ಎಂದು ಕೂಗಿಬಿಟ್ಟಳು.

"ನಿನ್ನ ಋಣ ಹೇಗೆ ತೀರಿಸಲಿ ತಮ್ಮಾ?" ಎಂದು ಫೋನಿನಲ್ಲಿ ಕೇಳಿದಾಗ ಅವನು, "ನಾನು ಕೂತಿರೋ ಈ ಕುರ್ಚಿ ಸಿಕ್ಕಿದ್ದೇ ನಿಮ್ಮ ಗಂಟಲಿಂದ. ಋಣದ ಮಾತು ನಾನಾಡಬೇಕು, ನೀವಲ್ಲ," ಎಂದ.

*

ಅಣ್ಣನ ಮನೆ ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯೊಂದರ ಮೇಲಿತ್ತು. ಒಂದೇ ಕೋಣೆ, ಬೀದಿಗೆ ತೆರೆಯುವ ಒಂದೇ ಕಿಟಕಿ. ಅವನು ಮಧ್ಯಾಹ್ನ ನಿದ್ದೆ ಹೋದಾಗ ಓದಕ್ಕ ಕಿಟಕಿ ಮುಚ್ಚಿ, ತಲೆಯ ಮೇಲೆ ಕಂಬಳಿ ಹೊದ್ದು ಪಾಠ ಓದುತ್ತಿದ್ದಳು. ಬೆವರು ಹಣೆಯಿಂದ ಇಳಿದು ಪುಸ್ತಕದ ಮೇಲೆ ತೊಟ್ಟಿಕ್ಕುತ್ತಿತ್ತು. ಸಂಜೆ ಹೊತ್ತಿಗೆ ಪಾಠ ಮನೆಯ ಸರ್ವರಿನಲ್ಲಿರುತ್ತಿತ್ತು. ದೀಪ ಹಚ್ಚುವ ವೇಳೆಗೆ ಮಕ್ಕಳ ಫೋನಿನಲ್ಲಿ. ನಾಲ್ಕನೇ ವಾರದ ಹೊತ್ತಿಗೆ ಒಂಬತ್ತರಲ್ಲಿ ಎಂಟು ಪಾಠ ಮುಗಿದಿದ್ದವು.

ಇತಿಹಾಸದ ಪರೀಕ್ಷೆಗೆ ಒಂದೇ ದಿನ ಉಳಿದಿತ್ತು. ಅಂದು ಬೆಳಿಗ್ಗೆ ಒಂಬತ್ತನೆಯ ಪಾಠವನ್ನು ಕಳಿಸಲು ಕೂತವಳು, ಪ್ರೂಫು ನೋಡುವ ಹಳೇ ಚಾಳಿಗೆ, ಯಾರು ಬಂದರು ಹೋದರೆಂದು ಸರ್ವರ್ ಬರೆದಿಡುವ ದಿನಚರಿಯನ್ನೂ ತೆರೆದು ಓದಿದಳು. ಯಾರ್ಯಾರೋ, ಎಲ್ಲೆಲ್ಲಿಂದಲೋ, ನಾನು ಅಡ್ಮಿನ್ನು, ನಾನು ಯಜಮಾನ ಅಂತ ಹೆಸರು ಹೇಳಿಕೊಂಡು ಬಾಗಿಲು ಬಡಿದಿದ್ದರು. ಒಂದಲ್ಲ ಎರಡಲ್ಲ, ಸಾವಿರಾರು ಸಲ. ಕೀಲಿ ಇಲ್ಲದವರು ಬಡಿದುಕೊಂಡು ಹೋಗುತ್ತಾರೆ, ಬಿಡಿ ಎಂದು ಆಪರೇಟರ್ ಮೊದಲೇ ಹೇಳಿದ್ದ. ಆದರೆ ಮನೆಯಲ್ಲಿ ಮುದುಕಿ ಒಬ್ಬಳೇ ಇರುವಾಗ ಹೊರಗೆ ಸಾವಿರ ಜನ ಕದ ಬಡಿಯುತ್ತಿದ್ದಾರೆ ಎಂಬ ಚಿತ್ರ ಕಣ್ಣಿಗೆ ಕಟ್ಟಿದ ಮೇಲೆ ಬುದ್ಧಿವಾದ ಎಲ್ಲಿ ನಿಲ್ಲುತ್ತದೆ? ಅವನನ್ನು ಕೇಳೋಣವೆಂದರೆ ಅವನು ಡ್ಯೂಟಿಯಲ್ಲಿದ್ದ. ತಾನೇ ಇಂಟರ್ನೆಟ್ಟಿನಲ್ಲಿ ಹುಡುಕಿ, ರಕ್ಷಣಾ ಗೋಡೆ ಎಬ್ಬಿಸುವ ಒಂದು ಸಾಲನ್ನು ಪತ್ತೆ ಮಾಡಿ ಹೊಡೆದಳು. ಈ ಸಾಲು ಈಗಿರುವ ಸಂಪರ್ಕವನ್ನು ಕಡಿಯಬಹುದು, ಮುಂದುವರಿಯಲೇ ಎಂದು ಯಂತ್ರ ಕೇಳಿತು. ಜೀವಮಾನವಿಡೀ ಒಂದು ಅಲ್ಪವಿರಾಮವನ್ನೂ ಕಣ್ತಪ್ಪಿಸದವಳು ಆ ಸಾಲನ್ನು ಪೂರ್ತಿ ಓದಿದಳು. ಓದಿಯೂ ಹೂಂ ಎಂದು ಒತ್ತಿದಳು.

ಕರ್ಸರು ಮಿಣಕ್ ಎನ್ನುವುದನ್ನು ನಿಲ್ಲಿಸಿತು. ಗೋಡೆ ಎದ್ದಿತ್ತು, ಬಲು ಗಟ್ಟಿಯಾಗಿಯೇ ಎದ್ದಿತ್ತು. ಹೊರಗೆ ಉಳಿದವರಲ್ಲಿ ಅವಳೂ ಒಬ್ಬಳು.

ಐದು ನಿಮಿಷವೂ ಆಗಿರಲಿಲ್ಲ, ಫೋನು ಶುರುವಾಯಿತು. "ಅಕ್ಕಾ, ಪಾಠ ಬರ್ತಿಲ್ಲ." "ಓದಕ್ಕಾ, ನಾಲ್ಕನೇ ಪಾಠ ಅರ್ಧಕ್ಕೇ ನಿಂತೋಯ್ತು." "ಅಕ್ಕಾ, ನಾಳೆ ಪರೀಕ್ಷೆ..." ಆ ಗೋಡೆ ಅವಳನ್ನಷ್ಟೇ ಅಲ್ಲ, ಮೂವತ್ತೊಂದು ಮಕ್ಕಳನ್ನೂ ಹೊರಗೆ ದಬ್ಬಿತ್ತು. ಒಂಬತ್ತನೆಯ ಪಾಠದ ಮಾತಿರಲಿ, ಮೊದಲಿನ ಎಂಟೂ ಹೋಗಿದ್ದವು. ಡ್ಯೂಟಿ ಅಂತ ನೋಡದೆ ಆಪರೇಟರನಿಗೆ ಫೋನು ಮಾಡಿದಳು.

ಅವನು ಬೈಯಲಿಲ್ಲ. "ಎಲ್ಲರೂ ಒಂದು ಸಲ ಮಾಡ್ತಾರೆ ಅಕ್ಕ. ನಾನೂ ಮಾಡಿದೀನಿ," ಎಂದ.

"ಆಫ್ ಮಾಡಿ ಆನ್ ಮಾಡಿಸಿದ್ರೆ?"

"ಆಗಲ್ಲ. ಅದಕ್ಕೆ ನೆನಪು ಬಹಳ. ಎದ್ದ ತಕ್ಷಣ ಗೋಡೇನ ಮತ್ತೆ ಎಬ್ಬಿಸುತ್ತೆ. ಆ ಕೀಬೋರ್ಡ್ ಮುಂದೆ ಯಾರಾದ್ರೂ ಕೂತು ಒಂದೇ ಒಂದು ಸಾಲು ಹೊಡೀಬೇಕು. ಯಜಮಾನ್ರು ಇಲ್ವಾ?"

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ನಸುಕಿನಲ್ಲೇ ಎಲ್ಲೋ ಕೆಟ್ಟು ನಿಂತ ಬಸ್ಸಿನ ಬಳಿಗೆ ಹೋಗಿದ್ದ. ಅವನ ಫೋನು ಸಿಗುತ್ತಿರಲಿಲ್ಲ.

"ಮತ್ತೆ ಮನೇಲಿ ಯಾರಿದಾರೆ?"

"ಅತ್ತೆ ಇದಾರೆ," ಎಂದಳು ಓದಕ್ಕ. "ಕೋರ್ಟಲ್ಲಿ ಟೈಪಿಸ್ಟ್ ಆಗಿದ್ರು. ಮೂವತ್ತನಾಲ್ಕು ವರ್ಷ."

"ಅಯ್ಯೋ ದೇವರೇ, ಇನ್ನೇನು ಬೇಕು!" ಎಂದ ಆಪರೇಟರ್.

ಏನು ಬೇಕು ಎಂಬುದು ಓದಕ್ಕನಿಗಷ್ಟೇ ಗೊತ್ತಿತ್ತು. ಕೀಬೋರ್ಡಿನ ಮುಂದೆ ಕೂತವರಿಗೆ ಪಾಸ್‌ವರ್ಡು ಬೇಕು. ಆ ಪಾಸ್‌ವರ್ಡನ್ನು ಅವಳು ಇಟ್ಟದ್ದು ಏಳು ವರ್ಷದ ಹಿಂದೆ, ಕೋಪದಲ್ಲಿ. ಅಂದು ನಲವತ್ತು ನಿಮಿಷದ ಪಾಠವನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸುವ ಹೊತ್ತಿಗೆ ಅತ್ತೆ ಹೊರಗಿನಿಂದ ಕೂಗಿ, ಬಾಗಿಲು ಬಡಿದು, ಎಲ್ಲವನ್ನೂ ಕೆಡಿಸಿಬಿಟ್ಟಿದ್ದರು. ಜೋರಾಗಿ ಜಗಳವಾಯಿತು. "ನನ್ನ ಮನೇಲಿ ನಾನು ಕೆಮ್ಮೋಕೂ ನಿನ್ನ ಅಪ್ಪಣೆ ಬೇಕಾ?" ಎಂದಿದ್ದರು ಅತ್ತೆ. ಅಂದಿನಿಂದ ಅವರು ಆ ಗೂಡಿನತ್ತ ತಲೆ ಹಾಕಿರಲಿಲ್ಲ. ಅದೇ ಸಂಜೆ ಹೊಸ ಪಾಸ್‌ವರ್ಡು ಇಡು ಎಂದು ಯಂತ್ರ ಕೇಳಿದಾಗ ಇವಳ ಬೆರಳಿಗೆ ಬಂದದ್ದು ಹದಿನೆಂಟು ಇಂಗ್ಲಿಷ್ ಅಕ್ಷರಗಳ ಅಚ್ಚ ಕನ್ನಡ: ಅತ್ತೆಗೆ ಕೇಳಿಸಬಾರದು.

ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಮನೆಗೆ ಫೋನು ಹಚ್ಚಿದಳು. ಆಪರೇಟರ್ ಸದ್ದಿಲ್ಲದೆ ಮೂವರ ಫೋನ್ ಲೈನುಗಳನ್ನೂ ಒಂದಕ್ಕೊಂದು ಜೋಡಿಸಿದ. ಅದಂತೂ ಅವನ ಕಸುಬೇ.

"ಏನಾಯ್ತೇ? ನಿಮ್ಮಣ್ಣ ಹುಷಾರಾಗಿದಾನಾ?" ಎಂದರು ಅತ್ತೆ.

"ಅಣ್ಣ ಹುಷಾರಾಗಿದಾನೆ ಅತ್ತೆ. ತಪ್ಪು ನನ್ನಿಂದ ಆಗಿದೆ. ಮಕ್ಕಳಿಗೆ ನಾಳೆ ಪರೀಕ್ಷೆ, ಪಾಠ ಹೋಗ್ತಿಲ್ಲ. ನೀವು... ಮೆಟ್ಟಿಲ ಕೆಳಗೆ ಹೋಗಿ ಒಂದು ಸಾಲು ಟೈಪ್ ಹೊಡೆದುಕೊಡಬೇಕು."

ಬೈಗುಳಕ್ಕೆ ಓದಕ್ಕ ತಲೆ ತಗ್ಗಿಸಿದಳು.

"ತಡಿ. ಕನ್ನಡಕ ತಗೋತೀನಿ," ಎಂದರು ಅತ್ತೆ.

ಕೋಲು ಊರುವ ಸದ್ದು, ಸ್ಟೂಲು ಎಳೆದ ಸದ್ದು, ಮಂಡಿ ಮಡಿಸುವಾಗ ಬಿಟ್ಟ ನಿಟ್ಟುಸಿರು, ಎಲ್ಲ ಒಂದೊಂದಾಗಿ ಕೇಳಿಸಿದವು. ಆಮೇಲೆ, "ಇಷ್ಟು ಇಕ್ಕಟ್ಟಲ್ಲಿ ಕೂತ್ಕೋತೀಯೇನೇ ನೀನು? ಗಾಳಿಯಿಲ್ಲ, ಬೆಳಕಿಲ್ಲ. ಗೋಡೆಗೆಲ್ಲಾ ಹಾಸಿಗೆ ಮೊಳೆ ಹೊಡೆದಿದೀಯ."

"ಹೊರಗಿನ ಸದ್ದು ಬರಬಾರದು ಅಂತ ಅತ್ತೆ."

"ಹ್ಞೂಂ. ಹೇಳು."

ಮೊದಲು ಬಳಕೆದಾರರ ಹೆಸರು. ಓದಕ್ಕ ತನ್ನ ಹೆಸರಿನ ಅಕ್ಷರಗಳನ್ನು ಹೇಳಿದಳು. ಕೀಲಿಗಳು ಪಟಪಟನೆ ಸದ್ದು ಮಾಡಿದವು. ಎಂಬತ್ತರ ಬೆರಳು ಎಂದು ಯಾರೂ ಹೇಳುವಂತಿರಲಿಲ್ಲ. "ಬೆಣ್ಣೆ ಒತ್ತಿದ ಹಾಗಿದೆ. ನಮ್ಮ ಕಾಲದ ಮೆಷೀನಿಗೆ ಮೊಣಕೈಯಿಂದ ಶಕ್ತಿ ತರಬೇಕಿತ್ತು," ಎಂದರು ಅತ್ತೆ. ಧ್ವನಿಯಲ್ಲಿ ಎಲ್ಲೋ ಒಂದು ಎಳೆಯಷ್ಟು ಹೆಮ್ಮೆ.

"ಈಗ ಪಾಸ್‌ವರ್ಡು. ಹೊಡೆಯುವಾಗ ಪರದೆ ಮೇಲೆ ಏನೂ ಬೀಳಲ್ಲ ಅತ್ತೆ. ಗಾಬರಿ ಆಗಬೇಡಿ."

"ಬೀಳದೇ ಇದ್ದರೆ ನನಗೇನು? ಟೈಪಿಸ್ಟ್ ಯಾವತ್ತೂ ಕಾಗದ ನೋಡಲ್ಲ. ಹೇಳು ನೀನು."

"ಎ," ಎಂದಳು ಓದಕ್ಕ. "ಟಿ. ಟಿ. ಇ."

ಟಕ್, ಟಕ್, ಟಕ್, ಟಕ್. ಆಮೇಲೆ ಸದ್ದು ನಿಂತಿತು.

"ಮುಂದೆ?" ಎಂದರು ಅತ್ತೆ.

"ಜಿ. ಇ. ಕೆ. ಇ. ಎಲ್..." ಇನ್ನು ಬೇಗ ಮುಗಿದರೆ ಸಾಕೆಂದು ಓದಕ್ಕ ಕಣ್ಣು ಮುಚ್ಚಿಕೊಂಡು ಉಳಿದ ಅಕ್ಷರಗಳನ್ನು ಒಂದೇ ಉಸಿರಿಗೆ ಸುರಿದುಬಿಟ್ಟಳು. ಎಂಟರ್ ಒತ್ತಿದ ಸದ್ದು ಬಂತು. ಅತ್ತೆ ಪರದೆಯ ಹತ್ತಿರಕ್ಕೆ ಬಾಗಿ ಓದುತ್ತಿರುವುದು ಅವರ ಉಸಿರಿನಿಂದಲೇ ಗೊತ್ತಾಗುತ್ತಿತ್ತು.

"ತಪ್ಪು ಅಂತಿದೆ."

"ತಪ್ಪಾ? ಸರಿಯಾಗಿ ಹೇಳಿದೆನಲ್ಲ ಅತ್ತೆ..."

"ಎಲ್ಲಿ ಸರಿಯಾಗಿ ಹೇಳಿದೆ? ನೀನು ಹೇಳಿದ್ದು 'ಅತ್ತೆಗೆ ಕೇಳಬಾರದು' ಅಂತಾಯ್ತು. ಅದು ಕನ್ನಡವೇ ಅಲ್ಲ. ಮಧ್ಯೆ ಐ, ಎಸ್ ನುಂಗಿದೀಯ. 'ಕೇಳಿಸಬಾರದು' ಅಂತ ಹೊಡೀಲಾ?"

ಇಪ್ಪತ್ತೆಂಟು ವರ್ಷ ಕರಡು ತಿದ್ದಿದವಳ ಕಿವಿ ಕೆಂಡವಾಯಿತು. ಆಪರೇಟರನ ಕಡೆಯಿಂದ ಕೆಮ್ಮೋ ನಗುವೋ ತಿಳಿಯದ ಒಂದು ಸದ್ದು ಹೊರಟು ಅಲ್ಲೇ ಅಡಗಿತು.

"ಹೊಡೀರಿ ಅತ್ತೆ," ಎಂದಳು ಓದಕ್ಕ, ಪಿಸುದನಿಯಲ್ಲಿ. ಆಮೇಲೆ, "ತಪ್ಪಾಯ್ತು. ಯಾವತ್ತೋ ಸಿಟ್ಟಲ್ಲಿ..."

"ಸುಮ್ಮನಿರೇ. ಕಟಕಟೇಲಿ ನಿಂತು ಅಪ್ಪ ಮಗನ ಮೇಲೆ, ಗಂಡ ಹೆಂಡತಿ ಮೇಲೆ ಆಡಿದ ಮಾತನ್ನೆಲ್ಲಾ ಈ ಕೈಯೇ ಹೊಡೆದಿರೋದು. ಇದು ಯಾವ ಲೆಕ್ಕ?" ಕೀಲಿಗಳು ಸರಸರನೆ ಓಡಿದವು, ಹದಿನೆಂಟೂ, ಯಾರೂ ಹೇಳಿಕೊಡದೆ. "ಹಾಂ. ಒಳಗೆ ಬಿಡ್ತು. ಈಗ ಆ ಸಾಲು ಹೇಳು."

ಸಾಲನ್ನು ಆಪರೇಟರನೇ ಹೇಳಿದ. ಪಾಸ್‌ವರ್ಡನ್ನು ಯಂತ್ರ ಇನ್ನೊಮ್ಮೆ ಕೇಳಿತು. ಅತ್ತೆ ಇನ್ನೊಮ್ಮೆ ಹೊಡೆದರು. ಆಮೇಲೆ ಪರದೆಯ ಮೇಲೆ ಬಿದ್ದ ಉತ್ತರವನ್ನು, ಕೋರ್ಟಿನಲ್ಲಿ ತೀರ್ಪು ಓದುವಂತೆ, ಒಂದೊಂದೇ ಶಬ್ದವಾಗಿ ಓದಿದರು. ಗೋಡೆ ಇಳಿದಿದೆ ಎಂಬುದು ಅದರ ಸಾರ.

"ಅಮ್ಮಾ, ನಿಮ್ಮ ಕೈಗೆ ನಮಸ್ಕಾರ," ಎಂದ ಆಪರೇಟರ್.

"ನೀನು ಯಾರಪ್ಪಾ?"

"ಸೊಸೆಯವರು ಓದಿದ್ದು ಕೇಳಿ ಪಾಸಾದವನಮ್ಮ. ನಿಮ್ಮ ಧ್ವನಿ ನನಗೆ ಮೊದಲಿಂದ ಗೊತ್ತು."

"ನನ್ನದಾ?"

"ಹಳೇ ಸಮಾಜ ಪುಸ್ತಕ, ಹನ್ನೊಂದನೇ ಪಾಠ. ಮಧ್ಯದಲ್ಲಿ ಹೊರಗಿಂದ ನೀವು 'ಹಾಲು ಉಕ್ಕೋಯ್ತು ಕಣೇ!' ಅಂತ ಕೂಗ್ತೀರಿ. ಅಕ್ಕ ಅದನ್ನ ಕತ್ತರಿಸೋದು ಮರೆತಿದ್ರು. ಹಾಸ್ಟೆಲಲ್ಲಿ ನಾವೆಲ್ಲಾ ಆ ಜಾಗಕ್ಕೆ ಕಾಯ್ತಿದ್ವಿ ಅಮ್ಮ. ಯಾರಾದ್ರೂ ಮನೆ ನೆನಪಾಗಿ ಮಂಕಾಗಿದ್ರೆ, ಅದೊಂದನ್ನ ಹಾಕಿ ಕೇಳಿಸ್ತಿದ್ವಿ."

ಗುಂಯ್‌ಗುಡುವ ಯಂತ್ರದ ಸದ್ದಷ್ಟೇ ಮೂವರ ನಡುವೆ ಹರಿಯಿತು. ಓದಕ್ಕ ಅದನ್ನು ಮರೆತಿರಲಿಲ್ಲ. ಆ ಪಾಠದಿಂದ ಅತ್ತೆಯ ಕೂಗನ್ನು ತೆಗೆಯಬೇಕೆಂದು ಎರಡು ಸಲ ಕೂತು, ತೆಗೆದ ಮೇಲೆ ಪಾಠ ಯಾಕೋ ಬರಿದಾಗಿ ಕೇಳಿಸಿ, ಮತ್ತೆ ಇದ್ದಲ್ಲೇ ಇಟ್ಟಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದ್ದು ಬೆಟ್ಟದಷ್ಟಿತ್ತು, ಬಾಯಿಗೆ ಬಂದದ್ದು ಇಷ್ಟೇ: "ಅತ್ತೆ, ತಿಂಡಿ ಆಯ್ತಾ?"

"ಆಯ್ತು. ನಿಂದು?"

"ಇನ್ನೂ ಇಲ್ಲ."

"ಮೊದಲು ತಿನ್ನು. ಹೊಟ್ಟೆ ಕಾಯಿಸಿಕೊಂಡು ಓದಿದ್ರೆ ಗಂಟಲು ಕೆಡುತ್ತೆ," ಎಂದರು ಅತ್ತೆ. "ನಾನು ಹೋಗಿ ಮಲಗ್ತೀನಿ. ಮಂಡಿ ಹಿಡ್ಕೊಂಡಿದೆ." ಫೋನು ಇಟ್ಟರು.

ಓದಕ್ಕ ಲ್ಯಾಪ್‌ಟಾಪಿನಲ್ಲಿ ಮನೆಯ ಬಾಗಿಲು ತೆರೆಸುವ ಸಾಲು ಹೊಡೆದಳು. ಮನೆಯ ಯಂತ್ರ ತಕ್ಷಣ ಓಗೊಟ್ಟಿತು. ಒಂಬತ್ತನೆಯ ಪಾಠ ಹೊರಟಿತು. ಆಪರೇಟರ್ ಈ ಸಲ ತನ್ನದೇ ಊಟದ ವಿರಾಮವನ್ನು ಬಿಟ್ಟು ಜೊತೆಗಿದ್ದು, ಅವಳ ದಾರಿಯನ್ನೂ ಮಕ್ಕಳ ದಾರಿಯನ್ನೂ ಮೊದಲು ತೆರೆದಿಡಿಸಿ, ಆಮೇಲೆಯೇ ಗೋಡೆಯನ್ನು ಎಬ್ಬಿಸಿದ. ಫೋನುಗಳು ಮತ್ತೆ ಬಂದವು. "ಬಂತಕ್ಕಾ." "ಒಂಬತ್ತನೇದೂ ಬಂತು." ಒಬ್ಬ ಹುಡುಗಿ ಬರೀ ನಕ್ಕು ಫೋನಿಟ್ಟಳು. ಮಂಚದ ಮೇಲಿನಿಂದ ಅಣ್ಣ ಕೇಳಿದ: "ಏನೇ ಅದು ಗದ್ದಲ? ಗೆದ್ದೆಯಾ ಸೋತೆಯಾ?"

"ಎರಡೂ," ಎಂದಳು ಓದಕ್ಕ.

ಎಲ್ಲ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಒಂದೂವರೆ. "ನಿಮ್ಮ ಸಮಾಧಾನಕ್ಕೆ ಇನ್ನೊಂದು ಹೇಳ್ಕೊಡ್ತೀನಿ ಅಕ್ಕ," ಎಂದ ಆಪರೇಟರ್. "ಡಬ್ಲ್ಯೂ ಅಂತ ಒಂದೇ ಅಕ್ಷರ ಹೊಡೀರಿ. ಈ ಕ್ಷಣ ಒಳಗೆ ಯಾರ್ಯಾರಿದಾರೆ, ಕೀಬೋರ್ಡಿನ ಕೀಲಿ ಮುಟ್ಟಿ ಎಷ್ಟು ಹೊತ್ತಾಯ್ತು, ಎಲ್ಲಾ ಹೇಳುತ್ತೆ. ಕಳ್ಳರು ಯಾರೂ ಇಲ್ಲ ಅಂತ ಗೊತ್ತಾದ್ರೆ ನೀವು ಆರಾಮಾಗಿ ಉಣ್ಣಬಹುದು." ಅವನು ತನ್ನ ಕುರ್ಚಿಗೆ ಮರಳಿದ.

ಓದಕ್ಕ ಆ ಒಂದು ಅಕ್ಷರ ಹೊಡೆದಳು. ಎರಡು ಸಾಲು ಬಿದ್ದವು. ಎರಡರಲ್ಲೂ ಇದ್ದದ್ದು ಅವಳದೇ ಹೆಸರು. ಕೆಳಗಿನದು, ಇಲ್ಲಿ ಅಣ್ಣನ ಕಿಟಕಿಯ ಪಕ್ಕ ಕೂತ ಅವಳು. ಮೇಲಿನದು ಮೆಟ್ಟಿಲ ಕೆಳಗಿನ ಕೀಬೋರ್ಡಿನದು. ಅತ್ತೆ ತೆರೆದು ಹಾಗೇ ಬಿಟ್ಟುಹೋದದ್ದು. ಅವರು ಎದ್ದುಹೋಗಿ ಎರಡು ತಾಸಾದರೂ ಆಗಿರಬೇಕು ಎಂದುಕೊಂಡು ಅದರ ಮುಂದಿನ ಸಂಖ್ಯೆಯನ್ನು ಓದಿದಳು. ಕೀಲಿ ಮುಟ್ಟಿ ಮೂರು ಸೆಕೆಂಡು ಎಂದಿತ್ತು.

ಕಣ್ತಪ್ಪೇನೋ ಎಂದು ಕನ್ನಡಕ ಒರೆಸಿಕೊಂಡು ಮತ್ತೆ ಹೊಡೆದಳು. ಒಂದು ಸೆಕೆಂಡು. ಮಲಗುತ್ತೇನೆ ಎಂದಿದ್ದ ಅತ್ತೆ ಇನ್ನೂ ಆ ಸ್ಟೂಲಿನ ಮೇಲೆಯೇ ಕೂತು ಕೀಲಿ ಒತ್ತುತ್ತಿದ್ದರು.

ಫೋನಿನ ಕಡೆ ಕೈ ಹೋಯಿತು. ಎತ್ತಿಕೊಂಡವಳು ಹಾಗೇ ಮತ್ತೆ ಕೆಳಗಿಟ್ಟಳು. ಲ್ಯಾಪ್‌ಟಾಪನ್ನು ಮುಚ್ಚದೆ, ಪರದೆ ತನಗೆ ಕಾಣುವಂತೆ ಕಿಟಕಿಯ ಕಟ್ಟೆಯ ಮೇಲೆ ತಿರುಗಿಸಿಟ್ಟು, ಅಣ್ಣನಿಗೆ ಊಟ ಬಡಿಸಲು ಎದ್ದಳು.